ಮೂರನೇ ಸಾಲಿನಲ್ಲಿ ಯಾರು ಕೂರುತ್ತಾರೆ?

ಕಾರು ಕೊಳ್ಳುವ ಮನೆಯಲ್ಲಿ ಮೊದಲು ಬಣ್ಣದ ಮಾತು ಬರುತ್ತದೆ, ಆಮೇಲೆ ಮೈಲೇಜಿನದು, ಆಮೇಲೆ ಸನ್‌ರೂಫಿನದು. ಸಸ್ಪೆನ್ಶನ್ ಎಂಬುದು ಬ್ರೋಷರಿನ ಕೊನೆಯ ಪುಟದಲ್ಲಿ, ಟೈರಿನ ಅಳತೆಯ ಮೇಲೋ ಕೆಳಗೋ, ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಸಾಲನ್ನು ಓದಿ ಜಗಳಕ್ಕೆ ನಿಲ್ಲುವವರು ಅಪರೂಪ. ಡೊಂಬಿವಲಿ ಪೂರ್ವದ ಒಂದು ಮನೆಯಲ್ಲಿ ಅಂಥವರು ಇಬ್ಬರಿದ್ದಾರೆ.

ಮಾವ ಕಾಪು ಕಡೆಯವರು. ಹುಡುಗನಾಗಿ ಮುಂಬಯಿಗೆ ಬಂದು, ಕುರ್ಲಾದ ಗ್ಯಾರೇಜೊಂದರಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಅಡಿಯಲ್ಲಿ ಮಲಗಿ ಕೆಲಸ ಕಲಿತವರು. ಮುಂದೆ ಡೊಂಬಿವಲಿಯ ಎಂಐಡಿಸಿಯಲ್ಲಿ ಸ್ವಂತ ಗ್ಯಾರೇಜು ನಡೆಸಿ, ಈಗ ಅದನ್ನು ಮುಚ್ಚಿ ಆರಾಮಾಗಿದ್ದಾರೆ. ಅಳಿಯ ಅವರ ತಂಗಿಯ ಮಗ. ಇಲ್ಲೇ ಹುಟ್ಟಿ ಬೆಳೆದವನು, ಐರೋಲಿಯಲ್ಲಿ ಇಂಜಿನಿಯರ್. ಅವನ ಮನೆಯಲ್ಲಿ ಗಂಡ ಹೆಂಡತಿ, ಇಬ್ಬರು ಮಕ್ಕಳು, ತಂದೆ ತಾಯಿ ಸೇರಿ ಆರು ಜನ. ಊರಿಗೆ ಹೊರಟರೆ ಮಾವ ಏಳನೆಯವರು. ಏಳನೆಯವರು ಕೂರುವ ಜಾಗ ಎಲ್ಲಿರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುವುದರಿಂದಲೇ ಈ ಚರ್ಚೆಯಲ್ಲಿ ಅವರಿಗೆ ಅಷ್ಟು ಆಸಕ್ತಿ.

ಅಳಿಯ: ನನಗೆ ನಿಜವಾಗಿ ಬೇಕಾಗಿರೋದು ಎಸ್ಟೇಟ್ ಕಾರು, ಮಾವ. ಉದ್ದದ ಡಿಕ್ಕಿ, ತಗ್ಗಿನ ಮೈ. ಸಾಮಾನು ತುಂಬಿದ್ರೂ ತಿರುವಿನಲ್ಲಿ ವಾಲಬಾರದು.

ಮಾವ: ಅದು ಈಗ ಎಲ್ಲಿ ಉಂಟು ಮಾರಾಯ? ಬಂದದ್ದು ಸುಮಾರು ಉಂಟು, ನಿಂತದ್ದು ಒಂದೂ ಇಲ್ಲ. ಟಾಟಾದವರು 1992ರಲ್ಲಿ ‘ಎಸ್ಟೇಟ್’ ಅಂತಲೇ ಹೆಸರಿಟ್ಟು ತಂದ್ರು. ಆಮೇಲೆ ಮಾರುತಿ ಬಲೆನೊ ಆಲ್ಟುರಾ, ಸ್ಕೋಡಾ ಆಕ್ಟೇವಿಯಾ ಕಾಂಬಿ, 2004ರಲ್ಲಿ ಇಂಡಿಗೊ ಮರೀನಾ. ಮರೀನಾ ನನ್ನ ಗ್ಯಾರೇಜಿಗೆ ಬರ್ತಿತ್ತು. ಹಿಂದಿನ ಎರಡು ಗಾಲಿಗೂ ಬೇರೆ ಬೇರೆ ಸಸ್ಪೆನ್ಶನ್ ಇದ್ದ ಗಾಡಿ ಅದು, ಒಳ್ಳೆ ಗಾಡಿ. ಆದ್ರೆ ಜನರಿಗೆ ಆ ಉದ್ದ ಬೆನ್ನು ಕಂಡ್ರೆ ಆಂಬುಲೆನ್ಸ್ ನೆನಪಾಗ್ತಿತ್ತು.

ಅಳಿಯ: 2017ರಲ್ಲಿ ವೋಲ್ವೊದವರು ವಿ90 ಕ್ರಾಸ್ ಕಂಟ್ರಿ ತಂದಿದ್ರು. ನೆಲದಿಂದ 210 ಮಿಲಿಮೀಟರ್ ಎತ್ತರ.

ಮಾವ: ರೇಟು?

ಅಳಿಯ: ಅರುವತ್ತು ಲಕ್ಷ.

ಮಾವ: ಮುಂದಿನ ಮಾತು ಹೇಳು.

ಮುಂದಿನ ಮಾತೆಂದರೆ ಮೇಜಿನ ಮೇಲಿದ್ದ ನಾಲ್ಕು ಬ್ರೋಷರುಗಳು. ಭಾರತದಲ್ಲಿ ಎಸ್ಟೇಟ್ ಕಾರು ಮಾಡಬೇಕಾಗಿದ್ದ ಕೆಲಸವನ್ನು ಈಗ ಮೂರು ಸಾಲಿನ ಗಾಡಿಗಳು ಮಾಡುತ್ತಿವೆ. 2005ರಲ್ಲಿ ಇನ್ನೋವಾ ಬಂತು, 2012ರಲ್ಲಿ ಎರ್ಟಿಗಾ, 2022ರಲ್ಲಿ ಕಿಯಾ ಕ್ಯಾರೆನ್ಸ್; ಅದೇ ವರ್ಷದ ಕೊನೆಗೆ ಇನ್ನೋವಾ ಹೈಕ್ರಾಸ್ ಮುಖ ತೋರಿಸಿತು. ಎಂಎಚ್-04, ಎಂಎಚ್-05, ಎಂಎಚ್-43 ನಂಬರ್ ಪ್ಲೇಟಿನ ಇಂಥ ಗಾಡಿಗಳನ್ನು ಶಿಳ್‌ಫಾಟಾದ ಸಿಗ್ನಲಿನಲ್ಲಿ ನಿಂತು ಎಣಿಸತೊಡಗಿದರೆ ಬೇಗ ಲೆಕ್ಕ ತಪ್ಪುತ್ತದೆ. ಅವುಗಳಲ್ಲಿ ಅರ್ಧ ಟ್ಯಾಕ್ಸಿಗಳೇ ಎಂಬ ಕೊಂಕು ಅಳಿಯನದು. ಟ್ಯಾಕ್ಸಿಯವನು ದಡ್ಡನಲ್ಲ ಎಂಬ ಉತ್ತರ ಮಾವನದು.

ಅಳಿಯ: ಯುರೋಪಿನಲ್ಲಿ ಕಾರು ಬುಕ್ ಮಾಡುವಾಗ ಸ್ಪೋರ್ಟ್ ಸಸ್ಪೆನ್ಶನ್ ಬೇಕಾ, ಅಡಾಪ್ಟಿವ್ ಬೇಕಾ, ಭಾರ ಹಾಕಿದ್ರೂ ಹಿಂಭಾಗ ಕುಗ್ಗದ ಏರ್ ಸಸ್ಪೆನ್ಶನ್ ಬೇಕಾ ಅಂತ ಕೇಳ್ತಾರೆ. ಇಲ್ಲಿ ಸೀಟಿನ ಬಣ್ಣ ಕೇಳ್ತಾರೆ.

ಮಾವ: ಇಲ್ಲಿಯೂ ಕೇಳ್ತಾರೆ, ನಿಮಗೆ ಗೊತ್ತಾಗುವುದಿಲ್ಲ ಅಷ್ಟೆ. ಟಾಪ್ ಮಾಡೆಲ್ ಬೇಕಾ, ನಡುವಿನದು ಬೇಕಾ ಅಂತ ಕೇಳಿದಾಗ ಅವ ನಿನ್ನ ಸಸ್ಪೆನ್ಶನ್ ಕೇಳಿದ ಅಂತಲೇ ಲೆಕ್ಕ. ಹೈಕ್ರಾಸಿನ ಪುಟ ತೆಗಿ. ಕೆಳಗಿನ ಮಾಡೆಲಿಗೆ ಟೈರು ಎಷ್ಟು?

ಅಳಿಯ: 205/65 ಆರ್16.

ಮಾವ: ಮೇಲಿನದಕ್ಕೆ?

ಅಳಿಯ: 225/50 ಆರ್18.

ಮಾವ: ಲೆಕ್ಕ ಹಾಕು. ನೀನು ಇಂಜಿನಿಯರ್ ಅಲ್ವ?

ಅಳಿಯ ಬ್ರೋಷರಿನ ಅಂಚಿನಲ್ಲೇ ಲೆಕ್ಕ ಹಾಕಿದ. 205ರ ಶೇಕಡಾ 65 ಅಂದರೆ 133 ಮಿಲಿಮೀಟರ್. 225ರ ಶೇಕಡಾ 50 ಅಂದರೆ 112. ರಿಮ್ಮಿಗೂ ರಸ್ತೆಗೂ ನಡುವೆ ನಿಲ್ಲುವ ರಬ್ಬರು ಮತ್ತು ಗಾಳಿಯ ಗೋಡೆ ದುಬಾರಿ ಮಾಡೆಲಿನಲ್ಲಿ ಎರಡು ಸೆಂಟಿಮೀಟರ್ ತೆಳುವಾಗಿದೆ. ಹೆಚ್ಚು ದುಡ್ಡು ಕೊಟ್ಟವನಿಗೆ ಕಡಿಮೆ ರಬ್ಬರು.

ಮಾವ: ಆ ಎರಡು ಸೆಂಟಿಮೀಟರ್ ನಿನ್ನ ಮೊದಲ ಸ್ಪ್ರಿಂಗು. ಕಾಯಿಲು ಸ್ಪ್ರಿಂಗು, ಶಾಕಪ್ ಎಲ್ಲ ಆಮೇಲೆ. ಮಳೆಗಾಲದಲ್ಲಿ ಹೊಂಡದಲ್ಲಿ ನೀರು ನಿಂತಿರ್ತದೆ, ಆಳ ಕಾಣುವುದಿಲ್ಲ. ನೀನು ಇಪ್ಪತ್ತರ ಸ್ಪೀಡಿನಲ್ಲಿ ಇಳಿಸ್ತಿ. ಡಾಂಬರಿನ ಅಂಚು ರಿಮ್ಮಿಗೂ ನೆಲಕ್ಕೂ ನಡುವೆ ಟೈರನ್ನು ಹಿಸುಕ್ತದೆ. ಒಳಗಿನ ನೂಲು ಕಡಿದು ಹೋಗ್ತದೆ. ಎರಡು ದಿನ ಬಿಟ್ಟು ನೋಡಿದ್ರೆ ಟೈರಿನ ಬದಿಯಲ್ಲಿ ಅಡಿಕೆ ಗಾತ್ರದ ಬಾವು. ಅದಕ್ಕೆ ಪಂಕ್ಚರ್ ಹಾಕ್ಲಿಕ್ಕೂ ಆಗುವುದಿಲ್ಲ, ಟೈರು ಬಿಸಾಡುವುದೇ. ಸ್ಟೀಲ್ ರಿಮ್ ಆದ್ರೆ ಬಗ್ಗಿದ್ದನ್ನು ಬಡಿದು ಸರಿ ಮಾಡ್ಬಹುದು. ಅಲಾಯ್ ಬಿರುಕು ಬಿಟ್ರೆ ಮುಗೀತು.

ಅಳಿಯ: ಒಪ್ಪಿದೆ. ಆದ್ರೆ ಅದೇ ದಪ್ಪ ಗೋಡೆ ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗದಲ್ಲಿ ಲೇನ್ ಬದಲಿಸುವಾಗ ಅಡ್ಡಡ್ಡ ಬಾಗ್ತದೆ. ಸ್ಟೇರಿಂಗ್ ತಿರುಗಿಸಿದ್ದಕ್ಕೂ ಕಾರು ತಿರುಗೋದಕ್ಕೂ ನಡುವೆ ಒಂದು ಕ್ಷಣ ಸೋಮಾರಿತನ ಬರ್ತದೆ. ಖಂಡಾಲಾದಲ್ಲಿ ಲಾರಿಯವನು ಸಿಗ್ನಲ್ ಹಾಕದೆ ನಮ್ಮ ಲೇನಿಗೆ ಬಂದಾಗ ಆ ಒಂದು ಕ್ಷಣವೇ ಬೇಕಾಗೋದು.

ಮಾವ: ನೂರರಲ್ಲಿ ಹೋಗ್ಬೇಡ.

ಅಳಿಯ: ಎಂಬತ್ತರಲ್ಲಿ ಹೋದ್ರೂ ಲಾರಿ ಬರ್ತದೆ.

ಈ ಹಂತದಲ್ಲಿ ಇಬ್ಬರೂ ಒಂದೇ ಕಾರಿನ ಎರಡು ಬೇರೆ ದಿನಗಳ ಬಗ್ಗೆ ಮಾತಾಡುತ್ತಿದ್ದರು. ಮಾವನ ಕಣ್ಣ ಮುಂದೆ ಇರುವುದು ಜುಲೈ ತಿಂಗಳ ಡೊಂಬಿವಲಿ: ಹೊಂಡಕ್ಕೆ ಪೇವರ್ ಬ್ಲಾಕ್ ತುಂಬಿ, ಅದೂ ಅರ್ಧ ಎದ್ದು, ರಸ್ತೆಗಿಂತ ತೇಪೆಯೇ ಎತ್ತರವಾಗಿರುವ ಗಲ್ಲಿಗಳು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ 25 ಕಿ.ಮೀ. ವೇಗಕ್ಕೆ ಕಟ್ಟುವ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಸೊಸೈಟಿಯವರು ಗೇಟಿನ ಮುಂದೆ ತಾವೇ ಹಾಕಿಸಿಕೊಂಡ ಹಂಪಿಗೆ ಎತ್ತರ ಮಾತ್ರ ಇರುತ್ತದೆ. ಅಳಿಯನ ಕಣ್ಣ ಮುಂದಿರುವುದು ಡಿಸೆಂಬರಿನ ರಜೆ: ಪನ್ವೇಲ್, ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ, ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು, ಅಂಕೋಲಾದಲ್ಲಿ ಎಡಕ್ಕೆ ತಿರುಗಿ ಉಡುಪಿ. ಎಂಟುನೂರು ಕಿಲೋಮೀಟರ್ ದಾಟುವ ಪ್ರಯಾಣ, ಒಳಗೆ ಏಳು ಜನ.

ಅಳಿಯ: ಎತ್ತರದ ಫ್ಯಾಮಿಲಿ ಕಾರು ಮೆತ್ತಗೆ ಇದ್ರೆ ಏನಾಗ್ತದೆ ಅಂತ ಮರ್ಸಿಡಿಸ್‌ನವರನ್ನು ಕೇಳಿ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಅವರ ಹೊಸ ಎ-ಕ್ಲಾಸ್ ಕಾರನ್ನು ಪರೀಕ್ಷೆ ಮಾಡ್ತು. ರಸ್ತೆಗೆ ಕಾಡುಪ್ರಾಣಿ ಅಡ್ಡ ಬಂತು ಅಂತಿಟ್ಟುಕೊಂಡು ಫಕ್ಕನೆ ಎಡಕ್ಕೆ, ಫಕ್ಕನೆ ಬಲಕ್ಕೆ ತಿರುಗಿಸುವ ಪರೀಕ್ಷೆ. ಕಾರು ಮಗುಚಿ ಬಿತ್ತು. ಮಾರಿದ ಕಾರುಗಳನ್ನೆಲ್ಲ ವಾಪಸು ಕರೆಸಿ, ಸಸ್ಪೆನ್ಶನ್ ಬದಲಿಸಿ, ಇಎಸ್‌ಪಿ ಹಾಕಿ ಕೊಡಬೇಕಾಯ್ತು.

ಮಾವ: ನಮ್ಮಲ್ಲಿ ಎಮ್ಮೆ ಅಡ್ಡ ಬರ್ತದೆ, ಆದ್ರೆ ಅದು ಫಕ್ಕನೆ ಬರುವುದಿಲ್ಲ. ಈ ಇಎಸ್‌ಪಿ ಈಗ ನೀನು ನೋಡ್ತಾ ಇರುವ ಗಾಡಿಗಳಲ್ಲಿ ಉಂಟಾ?

ಅಳಿಯ: ಉಂಟು.

ಮಾವ: ಮತ್ತೆಂತ? ಮಗುಚುವುದನ್ನು ಕಂಪ್ಯೂಟರ್ ನೋಡಿಕೊಳ್ತದೆ. ಸೊಂಟ ನೋಡಿಕೊಳ್ಳುವವರು ಯಾರು?

ಅಳಿಯ: ಕಂಪ್ಯೂಟರ್ ಬ್ರೇಕ್ ಹಾಕ್ತದೆ ಅಷ್ಟೇ ಮಾವ, ಕಾರಿನ ಗುಣ ಬದಲಿಸೋದಿಲ್ಲ. ಟೈರು ಹಿಡಿದಿದ್ರೆ ಮಾತ್ರ ಆ ಬ್ರೇಕಿಗೂ ಅರ್ಥ.

ಸ್ವಲ್ಪ ಹೊತ್ತು ಮಾತು ಹಿಂದಿನ ಆಕ್ಸಲಿಗೆ ಹೊರಳಿತು. ಎರ್ಟಿಗಾ, ಕ್ಯಾರೆನ್ಸ್, ಹೈಕ್ರಾಸ್ ಮೂರಕ್ಕೂ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟಾರ್ಶನ್ ಬೀಮ್. ಅಂದರೆ ಎರಡು ಹಿಂಗಾಲಿಗಳನ್ನು ಒಂದು ಉಕ್ಕಿನ ತೊಲೆ ಜೋಡಿಸಿರುತ್ತದೆ. ಒಂದು ಗಾಲಿ ಹೊಂಡಕ್ಕಿಳಿದರೆ ತೊಲೆ ತಿರುಚಿಕೊಳ್ಳುತ್ತದೆ, ಇನ್ನೊಂದಕ್ಕೂ ಸ್ವಲ್ಪ ಸುದ್ದಿ ಮುಟ್ಟುತ್ತದೆ. ಮಹೀಂದ್ರಾ ಎಕ್ಸ್‌ಯುವಿ 700ರಂಥ ಗಾಡಿಯಲ್ಲಿ ಹಿಂದೆ ಮಲ್ಟಿಲಿಂಕ್. ಪ್ರತಿ ಗಾಲಿಯದೂ ಅದರದರ ಪಾಡು.

ಅಳಿಯ: ಎಕ್ಸ್‌ಯುವಿಯಲ್ಲಿ ಇನ್ನೊಂದು ವಿಷಯ ಉಂಟು. ಅದರ ಡ್ಯಾಂಪರಿನೊಳಗೆ ಒಂದು ಹೆಚ್ಚುವರಿ ವಾಲ್ವ್ ಇದೆ. ಚಿಕ್ಕ ಚಿಕ್ಕ ವೇಗದ ಕುಲುಕಾಟಕ್ಕೆ ಎಣ್ಣೆಗೆ ದಾರಿ ಬಿಡ್ತದೆ, ಮೆತ್ತಗಾಗ್ತದೆ. ಉದ್ದದ ನಿಧಾನದ ತೂಗಾಟಕ್ಕೆ ದಾರಿ ಮುಚ್ಚುತ್ತದೆ, ಬಿಗಿಯಾಗ್ತದೆ. ವಯರು, ಸೆನ್ಸರ್ ಏನೂ ಇಲ್ಲ, ಪೂರಾ ಮೆಕ್ಯಾನಿಕಲ್. ಇದೇ ನಿಜವಾದ ಉತ್ತರ ಅಲ್ವಾ? ನಿಮಗೂ ಸರಿ, ನನಗೂ ಸರಿ.

ಮಾವ: ಮೂರನೇ ಸಾಲು ನಿಲ್ಲಿಸಿದ್ರೆ ಅದರ ಡಿಕ್ಕಿಯಲ್ಲಿ ಎಂತ ಹಿಡಿಸ್ತದೆ?

ಅಳಿಯ ಉತ್ತರಿಸಲಿಲ್ಲ. ಆ ಗಾಡಿಯಲ್ಲಿ ಏಳು ಜನ ಕೂತರೆ ಸಾಮಾನಿಗೆ ಉಳಿಯುವುದು ಅಂಗೈಯಗಲದ ಜಾಗ.

ಮಾವ: ನೋಡು, ಟಾರ್ಶನ್ ಬೀಮ್ ಹಾಕುವುದು ದುಡ್ಡು ಉಳಿಸ್ಲಿಕ್ಕೆ ಅಂತ ನಿನ್ನ ಯೂಟ್ಯೂಬಿನವರು ಹೇಳ್ತಾರೆ. ಹೌದು, ಉಳೀತದೆ. ಆದ್ರೆ ನೆಲವೂ ಉಳೀತದೆ. ಆ ತೊಲೆ ತಗ್ಗಿನಲ್ಲಿ ಕೂತುಬಿಡ್ತದೆ, ಮೇಲೆ ಸೀಟು ಮಡಚಿದ್ರೆ ಸಪಾಟು ಡಿಕ್ಕಿ. ಸವೆಯುವುದು ಎರಡು ಬುಶ್ಶು, ಎರಡು ಶಾಕಪ್. ಮಲ್ಟಿಲಿಂಕ್ ಆದ್ರೆ ಒಂದೊಂದು ಕಡೆ ನಾಲ್ಕೈದು ಲಿಂಕು, ಒಂದೊಂದಕ್ಕೂ ಬುಶ್ಶು. ಎರಡು ಮಳೆಗಾಲ ದಾಟಿದ ಮೇಲೆ ಕಟ್‌ಕಟ್ ಅಂತ ಸದ್ದು ಶುರು. ಯಾವ ಬುಶ್ಶು ಅಂತ ಹುಡುಕ್ಲಿಕ್ಕೆ ಅರ್ಧ ದಿನ.

ಅಳಿಯ: ನೀವು ಗ್ಯಾರೇಜಿನವರ ಕಣ್ಣಲ್ಲಿ ನೋಡ್ತೀರಿ. ನಾನು ಕೂರುವವನ ಕಣ್ಣಲ್ಲಿ.

ಮಾವ: ನೀನು ಕೂರುವುದು ಮುಂದೆ. ನಾನು ಕೂರುವುದು ಆ ತೊಲೆಯ ಮೇಲೆ.

ಇದು ಬರೀ ತಮಾಷೆಯ ಮಾತಲ್ಲ. ಏಳು ಸೀಟಿನ ಕಾರಿನಲ್ಲಿ ಮೂರನೇ ಸಾಲು ಹೆಚ್ಚುಕಡಿಮೆ ಹಿಂದಿನ ಆಕ್ಸಲಿನ ನೆತ್ತಿಯ ಮೇಲಿರುತ್ತದೆ. ಎರಡು ಆಕ್ಸಲುಗಳ ನಡುವೆ ಕೂತವರಿಗೆ ಮುಂದಿನ ಏಟೂ ಹಿಂದಿನ ಏಟೂ ಅರ್ಧರ್ಧ ತಲುಪಿದರೆ, ಅಲ್ಲಿ ಕೂತವರಿಗೆ ಹಿಂದಿನದು ಪೂರ್ತಿ. ಜೊತೆಗೆ ಕಂಪನಿಯವರು ಹಿಂದಿನ ಸ್ಪ್ರಿಂಗನ್ನು ಪೂರ್ತಿ ಭಾರಕ್ಕೆ ಅಳತೆ ಮಾಡಿ ಹಾಕಿರುತ್ತಾರೆ. ಎರ್ಟಿಗಾದ ಪೆಟ್ರೋಲ್ ಮಾಡೆಲಿನ ಖಾಲಿ ತೂಕ ಸುಮಾರು 1,200 ಕೆ.ಜಿ. ತಲೆಗೆ 65 ಕೆ.ಜಿ.ಯಂತೆ ಏಳು ಜನ ಅಂದರೆ 455 ಕೆ.ಜಿ.; ಗಾಡಿಯ ತೂಕಕ್ಕೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಸೇರಿತು. ಊರಿಂದ ಬರುವಾಗ ಡಿಕ್ಕಿಯಲ್ಲಿ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಕಾಲವಾದರೆ ಎರಡು ಹಲಸು. ಇಷ್ಟನ್ನು ಹೊತ್ತು ಹಂಪಿಗೆ ಹೊಟ್ಟೆ ತಾಗದಂತೆ ನಿಲ್ಲಬೇಕಾದ ಸ್ಪ್ರಿಂಗು, ಒಬ್ಬರೇ ಕೂತು ಆಫೀಸಿಗೆ ಹೋಗುವ ದಿನ ಪುಟಿಯುತ್ತದೆ. ಲ್ಯಾಡರ್ ಫ್ರೇಮಿನ, ಹಿಂದೆ ಗಟ್ಟಿ ಆಕ್ಸಲ್ ಇದ್ದ ಇನ್ನೋವಾ ಕ್ರಿಸ್ಟಾ ಖಾಲಿ ಓಡುವಾಗ ಹಿಂದೆ ಕುಣಿಯುತ್ತದೆ, ಜನ ತುಂಬಿದ ಮೇಲೆ ಗಂಭೀರವಾಗುತ್ತದೆ ಎಂದು ಅದನ್ನು ಓಡಿಸುವ ಚಾಲಕರು ಹೇಳುವುದು ಇದಕ್ಕೇ.

ಮಾವ: ಪದ್ಮಿನಿಯಲ್ಲಿ ಹಿಂದೆ ಕಮಾನಿ. ಲೀಫು ಸ್ಪ್ರಿಂಗು. ಟ್ಯಾಕ್ಸಿಯವರು ಬಂದು ‘ಒಂದು ಪಟ್ಟಿ ಹೆಚ್ಚು ಹಾಕು’ ಅಂತಿದ್ರು. ಮೇಲೆ ಕ್ಯಾರಿಯರಿನಲ್ಲಿ ಟ್ರಂಕು, ಒಳಗೆ ಐದು ಜನ. ಹಾಕಿ ಕೊಡ್ತಿದ್ದೆವು. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಡ್ತು, ಕೊನೇ ತನಕ ಅದಕ್ಕೆ ಪಟ್ಟಿ ಕೂಡಿಸುವುದು ಕಳೆಯುವುದು ಇತ್ತು. ಈಗಿನ ಗಾಡಿಗೆ ಅಂಗಡಿಯವ ರಬ್ಬರ್ ಬಫರ್ ಕೊಡ್ತಾನೆ.

ಅಳಿಯ: ಅದನ್ನೇ ಕೇಳಬೇಕು ಅಂತಿದ್ದೆ. ಹಿಂದಿನ ಕಾಯಿಲ್ ನಡುವೆ ಸಿಕ್ಕಿಸಿದ್ರೆ ಗಾಡಿ ಎತ್ತರಾಗ್ತದಂತಲ್ಲ?

ಮಾವ: ಆಗ್ತದೆ. ಒಂದು ಸುತ್ತು ಲಾಕ್ ಆಗ್ತದೆ, ಅದರ ಕೆಲಸವನ್ನು ಉಳಿದ ಸುತ್ತುಗಳು ಮಾಡ್ಬೇಕು. ಸ್ಪ್ರಿಂಗು ಗಟ್ಟಿಯಾದ ಹಾಗೆ ಕಾಣ್ತದೆ. ಒಂದು ದಿನ ಬಫರ್ ಇದ್ದ ಜಾಗದ ಪಕ್ಕದಲ್ಲೇ ಮುರೀತದೆ. ನಾನು ಹಾಕಿದ್ದೂ ಉಂಟು, ಮುರಿದದ್ದನ್ನು ತೆಗೆದದ್ದೂ ಉಂಟು. ಹೊಸ ಗಾಡಿಗೆ ಬೇಡ. ವಾರಂಟಿಯವ ಅದನ್ನು ನೋಡಿದ ಕೂಡಲೇ ಕೈ ಎತ್ತುತ್ತಾನೆ.

ಅಳಿಯ: ಹಾಗಾದ್ರೆ ಒಳ್ಳೆ ಕಂಪನಿಯ ಎತ್ತರಿಸಿದ ಸ್ಪ್ರಿಂಗ್, ಗ್ಯಾಸ್ ಶಾಕಪ್ ಸೆಟ್ ತರಿಸಿದ್ರೆ?

ಮಾವ: ಆರ್‌ಟಿಓ?

ಈ ಪ್ರಶ್ನೆಯಲ್ಲಿ ಅರ್ಥವಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಎತ್ತಿಹಿಡಿಯಿತು. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಸಿಗುವುದೆಲ್ಲ ಗಾಡಿಗೆ ಹಾಕಿಸಬಹುದಾದದ್ದಲ್ಲ. ಅಪಘಾತವಾದ ದಿನ ವಿಮೆಯ ಸರ್ವೇಯರ್ ಮೊದಲು ನೋಡುವುದು ಇಂಥವನ್ನೇ. ಈ ಒಂದು ವಿಷಯದಲ್ಲಿ ಮಾವ ಅಳಿಯ ಇಬ್ಬರಿಗೂ ಜಗಳವಿಲ್ಲ: ಹೊಸ ಗಾಡಿಯ ಅಡಿಯನ್ನು ಮುಟ್ಟುವುದು ಬೇಡ. ಶೋರೂಮಿನಲ್ಲಿ ಆರಿಸಿದ್ದೇ ಅಂತಿಮ.

ಅಳಿಯ: ಸರಿ, ಆರಿಸೋಣ. ಮೆತ್ತನೆಯದು ಬೇಕು ಅಂತೀರಲ್ಲ, ಅದರ ತೊಂದರೆ ಹೇಳ್ತೇನೆ ಕೇಳಿ. ಕಿರಿಯವಳು ಅರಬೈಲು ಘಟ್ಟದಲ್ಲಿ ಪ್ರತಿ ಸಲ ವಾಂತಿ ಮಾಡ್ತಾಳೆ. ವಾಂತಿ ತರಿಸೋದು ಹೊಂಡದ ಏಟಲ್ಲ. ಐದು ಸೆಕೆಂಡಿಗೊಮ್ಮೆ ಬರುವಂಥ ನಿಧಾನದ ತೂಗಾಟ. ಹಡಗಿನಲ್ಲಿ ಆಗೋದೂ ಅದೇ. ಮೆತ್ತನೆ ಕಾರು ತಿರುವಿಗೊಮ್ಮೆ ಹೀಗೆ ವಾಲಿ ಹಾಗೆ ಏಳ್ತದೆ. ಬಿಗಿ ಕಾರು ವಾಲೋದಿಲ್ಲ.

ಮಾವ: ತೂಗಾಡಿಸುವುದು ಸ್ಪ್ರಿಂಗಲ್ಲ, ಡ್ರೈವರನ ಕಾಲು. ತಿರುವಿನ ಒಳಗೆ ಹೋಗಿ ಬ್ರೇಕ್ ಒತ್ತಿ, ಹೊರಗೆ ಬರುವ ಮೊದಲೇ ಆಕ್ಸಿಲರೇಟರ್ ಒತ್ತಿದ್ರೆ ಯಾವ ಕಾರಲ್ಲೂ ಮಗು ಕಕ್ಕುತ್ತದೆ. ಆಗುಂಬೆಯ 14 ತಿರುವು ಇಳಿಸುವ ಮಿನಿ ಬಸ್ಸಿನವರನ್ನು ನೋಡು. ಬಸ್ಸಿನ ಸ್ಪ್ರಿಂಗೇನು ಬಿಗಿಯಾ?

ಅಳಿಯ: ಅವರ ಬಸ್ಸಿನಲ್ಲೂ ಕಿಟಕಿ ಪಕ್ಕದ ಸೀಟಿಗೆ ಜಗಳ ಆಗ್ತದೆ ಮಾವ, ಸುಮ್ನೆ ಅಲ್ಲ.

ಮಾವ ನಕ್ಕರು. ಆದರೆ ಅಳಿಯನೇ ತನ್ನ ವಾದಕ್ಕೆ ಅಡ್ಡ ಬರುವ ಸಂಗತಿಯೊಂದನ್ನು ಎತ್ತಿಕೊಂಡ. ಇಂಜಿನಿಯರಿಗೆ ಅಷ್ಟು ಪ್ರಾಮಾಣಿಕತೆ ಇರಬೇಕು.

ಅಳಿಯ: ಬಿಗಿಯದಕ್ಕೂ ಒಂದು ಶಾಪ ಉಂಟು, ಅದು ನಮ್ಮ ಕಾಂಕ್ರೀಟ್ ರಸ್ತೆ. ಕಲ್ಯಾಣ್-ಶಿಳ್ ರಸ್ತೆಯಲ್ಲಿ ಹೋಗುವಾಗ ಠಕ್ ಠಕ್ ಅಂತ ಒಂದೇ ಲಯದಲ್ಲಿ ಬಡಿಯೋದು ಗಮನಿಸಿದ್ದೀರಾ? ಚಪ್ಪಡಿಗಳ ಸಂದು. ಕಾಂಕ್ರೀಟ್ ರಸ್ತೆಯಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ಮೀಟರಿಗೊಂದು ಸಂದು ಬಿಡ್ತಾರೆ. ಗಂಟೆಗೆ 65 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ 18 ಮೀಟರ್. ಸೆಕೆಂಡಿಗೆ ನಾಲ್ಕು ಏಟು.

ಮಾವ: ಅದಕ್ಕೆ?

ಅಳಿಯ: ಕೂತ ಮನುಷ್ಯನ ಮೈಗೆ ಮೇಲೆ ಕೆಳಗೆ ಆಗುವ ಅದುರು ಅತಿ ಹೆಚ್ಚು ಹಿಂಸೆ ಕೊಡೋದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಆದಾಗ. ಅಂತರರಾಷ್ಟ್ರೀಯ ಮಾನಕದಲ್ಲೇ ಹಾಗಿದೆ. ರಸ್ತೆ ಕಟ್ಟಿದವನ ಅಳತೆ, ನಾವು ಹೋಗುವ ವೇಗ, ನಮ್ಮ ಬೆನ್ನುಮೂಳೆ ಮೂರೂ ಅಲ್ಲಿ ಸೇರಿಬಿಡ್ತವೆ.

ಮಾವ: ಇದನ್ನು ನೀನು ಮೊದಲೇ ಹೇಳಿದ್ರೆ ನಾನು ಇಷ್ಟು ಮಾತಾಡ್ಬೇಕಿರಲಿಲ್ಲ. ಹದಿನಾರಿಂಚಿನ ದಪ್ಪ ಟೈರು ತಗೊ, ಮುಗೀತು.

ಅಳಿಯ: ಮುಗಿಯೋದಿಲ್ಲ. ಟೈರಿನಲ್ಲಿ ಹವಾ ಎಷ್ಟು ಹಾಕಿಸ್ತೀರಿ?

ಇದಕ್ಕೆ ಮಾವನ ಬಳಿ ಉತ್ತರ ಸಿದ್ಧವಿತ್ತು. ಚಾಲಕನ ಬಾಗಿಲು ತೆರೆದರೆ ನಡುಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಎರಡು ಲೆಕ್ಕ: ಕಡಿಮೆ ಜನರಿದ್ದಾಗ ಇಷ್ಟು, ತುಂಬಿದಾಗ ಹಿಂದಿನ ಗಾಲಿಗೆ ಇಷ್ಟು ಹೆಚ್ಚು. ಪೆಟ್ರೋಲ್ ಪಂಪಿನ ಹುಡುಗ ಅದನ್ನು ನೋಡುವುದಿಲ್ಲ, ‘ಎಷ್ಟು ಹಾಕಲಿ’ ಎಂದು ಕೇಳಿ, ಮಾಲೀಕರು ತಬ್ಬಿಬ್ಬಾದರೆ ಎಲ್ಲಕ್ಕೂ ಒಂದೇ ಹಾಕಿ ಕಳಿಸುತ್ತಾನೆ. ಲಕ್ಷಗಟ್ಟಲೆ ಕೊಟ್ಟು ಆರಿಸಿದ ಸಸ್ಪೆನ್ಶನ್ನಿನ ಮೇಲೆ ಐದು ನಿಮಿಷದಲ್ಲಿ ಕಲ್ಲು ಎಳೆಯುವ ಜಾಗ ಅದು. ಮಾವ ಗೇಜು ಇಟ್ಟುಕೊಂಡಿದ್ದಾರೆ, ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡುತ್ತಾರೆ. ಅಳಿಯನ ಹಳೇ ಕಾರಿನದನ್ನೂ ಅವರೇ ನೋಡುವುದು.

ಸಿಎನ್‌ಜಿಯ ಮಾತು ಬಂದಾಗ ಅಳಿಯನ ಹೆಂಡತಿ ಒಳಗಿಂದ ಲ್ಯಾಪ್‌ಟಾಪ್ ಮುಚ್ಚಿಟ್ಟು ಬಂದಳು. ದಿನಾ ಮನೆಯ ಕಾರು ಓಡಿಸುವವಳು ಅವಳು, ಡೊಂಬಿವಲಿಯಿಂದ ಶಿಳ್‌ಫಾಟಾ ಮೇಲೆ ಮಹಾಪೆಗೆ. ಅಳಿಯ ಠಾಣೆ ಮೂಲಕ ರೈಲಿನಲ್ಲಿ ಐರೋಲಿಗೆ ಹೋಗುವವನು. ಇಷ್ಟು ಹೊತ್ತು ಇಬ್ಬರು ಗಂಡಸರಿಗೂ ಇದು ನೆನಪಾಗಿರಲಿಲ್ಲ.

ಸೊಸೆ: ಸಿಎನ್‌ಜಿ ಎರ್ಟಿಗಾ ತಗೊಂಡ್ರೆ ದಿನದ ಖರ್ಚು ಎಷ್ಟು ಇಳೀತದೆ ಅಂತ ನಾನು ಲೆಕ್ಕ ಹಾಕಿ ಆಗಿದೆ. ಅದರ ಬಗ್ಗೆ ನಿಮ್ಮ ಸ್ಪ್ರಿಂಗು ಏನು ಹೇಳ್ತದೆ?

ಮಾವ: 60 ಲೀಟರಿನ ಸಿಲಿಂಡರು ಡಿಕ್ಕಿಯಲ್ಲಿ, ಅದೂ ಆಕ್ಸಲಿನ ಹಿಂದೆ. ಯಾವಾಗಲೂ ಒಬ್ಬ ದಪ್ಪ ಮನುಷ್ಯ ಹಿಂದೆ ಕೂತ ಹಾಗೆ. ಖಾಲಿ ಓಡುವಾಗ ಪುಟಿಯುವುದು ಸ್ವಲ್ಪ ಕಡಿಮೆ ಆಗ್ತದೆ, ಅದು ಲಾಭ. ಏಳು ಜನ ಕೂತಾಗ ಅಕ್ಕಿ ಎಲ್ಲಿಡುವುದು, ಅದು ನಷ್ಟ.

ಅಳಿಯ: ಘಟ್ಟದಲ್ಲಿ ಹಿಂಭಾಗ ಭಾರವಾಗ್ತದೆ.

ಸೊಸೆ: ಘಟ್ಟ ವರ್ಷಕ್ಕೆ ಒಂದು ಸಲ. ಮತ್ಸ್ಯಗಂಧ ರೈಲು ಠಾಣೆಯಲ್ಲೇ ನಿಲ್ತದೆ. ರಾತ್ರಿ ಮಲಗಿದ್ರೆ ಬೆಳಿಗ್ಗೆ ಉಡುಪಿ. ಊರಿಗೆ ಹೋಗುವ ಒಂದು ವಾರಕ್ಕಾಗಿ ಉಳಿದ ಐವತ್ತೊಂದು ವಾರ ನಾನು ಉದ್ದ ಗಾಡಿ ತಳ್ಳಬೇಕಾ?

ಮಾವ: ರೈಲು ಇದೆ ಸರಿ, ಟಿಕೆಟು? ಏಳು ಜನಕ್ಕೆ, ಮೇ ತಿಂಗಳಲ್ಲಿ?

ಸೊಸೆ ಅದಕ್ಕೆ ತಲೆಯಾಡಿಸಿದಳು. ಕೊಂಕಣ ರೈಲು 1998ರಲ್ಲಿ ಪೂರ್ತಿಯಾದಾಗಿನಿಂದ ಮುಂಬಯಿ ಕನ್ನಡಿಗರು, ತುಳುವರು ರಜೆಯ ಟಿಕೆಟಿಗೆ ಪಡುವ ಪಾಡು ಯಾರಿಗೂ ಹೊಸದಲ್ಲ. ಆದರೆ ಅವಳ ಪ್ರಶ್ನೆಗಳು ಬೇರೆಯೇ ಇದ್ದವು. ಅವಳಿಗೆ ಹ್ಯಾಂಡ್ಲಿಂಗ್ ಅಂದರೆ ನೂರರ ವೇಗದಲ್ಲಿ ಲೇನ್ ಬದಲಿಸುವುದಲ್ಲ. ಬೇಸ್‌ಮೆಂಟಿನ ಇಳಿಜಾರಿನ ತಿರುವಿನಲ್ಲಿ ಒಂದೇ ಸಲಕ್ಕೆ ಸ್ಟೇರಿಂಗ್ ತಿರುಗಬೇಕು, ರಿಕ್ಷಾದವನು ಎಡದಿಂದ ನುಗ್ಗಿದಾಗ ಕೈ ಹಗುರ ಇರಬೇಕು. ಎರ್ಟಿಗಾ 5.2 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ, ಕ್ರಿಸ್ಟಾಕ್ಕೆ 5.4 ಬೇಕು. ಬ್ರೋಷರಿನಲ್ಲಿ ಕಾಣುವ ಇಪ್ಪತ್ತು ಸೆಂಟಿಮೀಟರ್, ಹಿಂದೆ ಮೂರು ಕಾರು ಹಾರ್ನ್ ಹೊಡೆಯುತ್ತಿರುವಾಗ ಬಹಳ ದೊಡ್ಡದು.

ಅಳಿಯ: ಹಗುರ ಸ್ಟೇರಿಂಗಿನಲ್ಲಿ ಅಟಲ್ ಸೇತು ಮೇಲೆ ಹೋಗಿ ನೋಡು. ಸಮುದ್ರದ ಗಾಳಿ, ನೂರರ ಮಿತಿ, ಮೈಯೆಲ್ಲ ಗೋಡೆಯ ಹಾಗಿರುವ ಕಾರು. ಕೈಗೆ ಏನೂ ಗೊತ್ತಾಗೋದಿಲ್ಲ.

ಸೊಸೆ: ಅಟಲ್ ಸೇತು 2024ರಲ್ಲಿ ಬಂತು. ನಾವು ಅದರ ಮೇಲೆ ಹೋದದ್ದು ಮಕ್ಕಳಿಗೆ ತೋರಿಸ್ಲಿಕ್ಕೆ. ಮಹಾಪೆಗೆ ನಾನು ದಿನಾ ಹೋಗ್ತೇನೆ.

ಅಳಿಯ: ಹಾಗಾದ್ರೆ ಕ್ಯಾರೆನ್ಸ್. ಹದಿನಾರಿಂಚು, 205/65. ಟೈರಿನ ಗೋಡೆ ಮಾವನಿಗೆ ಬೇಕಾದಷ್ಟು ದಪ್ಪ, ಮೈ ನನಗೆ ಬೇಕಾದಷ್ಟು ಬಿಗಿ.

ಮಾವ: ಅದು ನಿನ್ನ ಪುಸ್ತಕದ ಮಾತು. ಕೂತು ನೋಡದೆ ನಾನು ಹ್ಞೂಂ ಅನ್ನುವುದಿಲ್ಲ. ಶೋರೂಮಿನವ ಟೆಸ್ಟ್ ಡ್ರೈವ್ ಅಂತ ಒಬ್ಬನನ್ನೇ ಕೂರಿಸಿ, ನಯವಾದ ರಸ್ತೆಯಲ್ಲಿ ಎರಡು ಕಿಲೋಮೀಟರ್ ತಿರುಗಿಸಿ ತರ್ತಾನೆ. ಅದರಲ್ಲಿ ಎಂತ ಗೊತ್ತಾಗ್ತದೆ? ಎಸಿ ತಣ್ಣಗುಂಟು ಅಂತ ಗೊತ್ತಾಗ್ತದೆ.

ಸೊಸೆ: ಶನಿವಾರ ಬೆಳಿಗ್ಗೆ ಎರಡೂ ಗಾಡಿ ಮನೆಗೆ ತರಲು ಹೇಳಿದ್ದೇನೆ. ಎರ್ಟಿಗಾ ಒಂದು, ಕ್ಯಾರೆನ್ಸ್ ಒಂದು. ಓಡಿಸುವುದು ನಾನು. ಮೂರನೇ ಸಾಲಿನಲ್ಲಿ ನೀವಿಬ್ಬರು.

ಅಳಿಯ: ಇಬ್ಬರೂ?

ಸೊಸೆ: ಮಕ್ಕಳು ನಡುವಿನ ಸಾಲಿನಲ್ಲಿ. ಅಪ್ಪ ಅಮ್ಮನೂ ಬರ್ತಾರೆ.

ಮಾವ: ಯಾವ ರೂಟು?

ಅಳಿಯ: ವಾಶಿಗೆ ಹೋಗಿ ಪಾಮ್ ಬೀಚ್ ರಸ್ತೆ ಹಿಡಿದು ಬೇಲಾಪುರದ ತನಕ. ಆ ಉದ್ದದ ತಿರುವುಗಳಲ್ಲಿ ವಾಲೋದು ಗೊತ್ತಾಗ್ಬೇಕು.

ಮಾವ: ಪಾಮ್ ಬೀಚಿನಲ್ಲಿ ಎತ್ತಿನ ಗಾಡಿಯೂ ಚೆನ್ನಾಗಿಯೇ ಹೋಗ್ತದೆ. ಸ್ಟೇಷನ್ ಹಿಂದಿನ ಗಲ್ಲಿಯಿಂದ ಹೊರಟು ಕಲ್ಯಾಣ್ ದಾಟಿ ಭಿವಂಡಿ ಕಡೆ ಹೋಗ್ವ. ಅಲ್ಲಿ ಎಲ್ಲ ನಮೂನೆ ಹೊಂಡ ಸಿಗ್ತದೆ.

ಸೊಸೆ: ರೂಟು ಆಮೇಲೆ. ಡಿಕ್ಕಿಗೆ ಭಾರ ಬೇಕಲ್ಲ, ಊರಿಂದ ತಂದ ಐವತ್ತು ಕೆ.ಜಿ. ಅಕ್ಕಿ ಮೂಟೆ ಮೂರನೇ ಮಾಳಿಗೆಯಲ್ಲಿದೆ, ಲಿಫ್ಟು ನಿನ್ನೆಯಿಂದ ಬಂದ್. ಅದನ್ನು ಇಳಿಸುವವರು ಯಾರು ಅಂತ ಮೊದಲು ಹೇಳಿ.

ಮಾವ ಸೊಂಟದ ಮೇಲೆ ಕೈಯಿಟ್ಟು ಅಳಿಯನ ಕಡೆ ನೋಡಿದರು. ಅಳಿಯ ಎಕ್ಸ್‌ಯುವಿಯ ಬ್ರೋಷರನ್ನು ಮತ್ತೊಮ್ಮೆ ತೆರೆದು, ಡಿಕ್ಕಿಯ ಅಳತೆ ಎಲ್ಲಾದರೂ ಕೊಟ್ಟಿದ್ದಾರೆಯೇ ಎಂದು ಹುಡುಕತೊಡಗಿದ.